ಬೆಳಿಗ್ಗೆ ಮಾತ್ರ ಡೀಸೆಲ್ ಗಾಡಿ ಸ್ಟಾರ್ಟ್ ಆಗೋಕೆ ಒದ್ದಾಡ್ತಿದ್ಯಾ? ಇಂಜೆಕ್ಟರ್ ಬಿಚ್ಚಿಸೋಕೆ ಮುಂಚೆ ಇದನ್ನ ಓದಿ

ಡೀಸೆಲ್ ಗಾಡಿ ಇಟ್ಕೊಂಡಿರೋರಿಗೆಲ್ಲ ಒಂದು ಮಾತು. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ಸ್ಟಾರ್ಟಿಂಗ್ ಕಷ್ಟ, ಒಂದ್ಸಲ ಬಿಸಿಯಾದ್ರೆ ದಿನವಿಡೀ ಚೆನ್ನಾಗೇ ಓಡತ್ತೆ ಅನ್ನೋ ಹಾಗಿದ್ರೆ, ಬಿಸಿ ಇಂಜಿನ್ ನೋಡಿ "ಇಂಜೆಕ್ಟರ್ ಹೋಗಿದೆ" (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸೋ ಭಾಗ ಅದು) ಅನ್ನೋರ ಕೈಗೆ ದಯವಿಟ್ಟು ಗಾಡಿ ಕೊಡ್ಬೇಡಿ. ನನ್ನ ಗಾಡಿ ಒಂದೇ ಒಂದು ತೊಂದರೆ ಇಟ್ಕೊಂಡು ಗ್ಯಾರೇಜ್ ಒಳಗೆ ಹೋಯ್ತು, ಹೊರಗೆ ಬರುವಾಗ ಮೂರು ತೊಂದರೆ, ಅದರಲ್ಲಿ ಮೊದಲಿನದು ಹಾಗೇ ಇತ್ತು. ಸ್ವಲ್ಪ ಉದ್ದ ಆಗತ್ತೆ, ಆದ್ರೂ ಪೂರ್ತಿ ಬರೀತೀನಿ, ಯಾಕಂದ್ರೆ ಇದೇ ಕಥೆ ಇನ್ನೂ ಎಷ್ಟೋ ಜನಕ್ಕೆ ಆಗ್ತಾ ಇರತ್ತೆ.

ನಾಲ್ಕು ಸಿಲಿಂಡರ್ ಕಾಮನ್ ರೈಲ್ ಇಂಜಿನ್ (ಪಂಪ್ ಒತ್ತಿದ ಡೀಸೆಲ್ ರೈಲ್ ಅನ್ನೋ ಒಂದೇ ಪೈಪ್‌ಗೆ ಬಂದು, ಅಲ್ಲಿಂದ ಎಲ್ಲ ಇಂಜೆಕ್ಟರ್‌ಗೂ ಹೋಗೋ ಥರದ್ದು), ಸ್ವಲ್ಪ ಹಳೇ ಮಾಡೆಲ್. ಚಳಿ ಶುರುವಾದ ಮೇಲೆ ಬೆಳಿಗ್ಗೆ ಮೊದಲನೇ ಸ್ಟಾರ್ಟ್ ಹೀಗಿರ್ತಿತ್ತು: ಸೆಲ್ಫ್ ಜೋರಾಗೇ ತಿರುಗತ್ತೆ, ಬ್ಯಾಟ್ರಿ ಮೇಲೆ ಅನುಮಾನ ಪಡೋ ಹಾಗೇ ಇಲ್ಲ, ಆದ್ರೆ ಇಂಜಿನ್ ಹಿಡ್ಕೊಳ್ಳಲ್ಲ, ತಿರುಗಿಸ್ತಾ ತಿರುಗಿಸ್ತಾ ಒಂದು ಸಿಲಿಂಡರ್ ಢಬ್ ಅನ್ನತ್ತೆ, ಆಮೇಲೆ ಇನ್ನೊಂದು, ಹಾಗೇ ಕುಂಟ್ಕೊಂಡು ಎದ್ದೇಳತ್ತೆ. ಎದ್ದ ಮೇಲೆ ಇಡೀ ಗಾಡಿ ನಡುಗತ್ತೆ, ಗೇರ್ ಲಿವರ್ ಮೇಲೆ ಕೈ ಇಟ್ರೆ ಮೊಣಕೈವರೆಗೂ ಅದುರು, ಸೈಲೆನ್ಸರ್‌ನಿಂದ ಬಿಳಿ ಹೊಗೆ, ಕಣ್ಣು ಉರಿಯೋ ಅಂಥ ಹಸಿ ಡೀಸೆಲ್ ವಾಸನೆ. ಒಂದೆರಡು ನಿಮಿಷ ಕಳೆದ್ರೆ ಸಿಲಿಂಡರ್‌ಗಳು ಒಂದೊಂದಾಗಿ ಸೇರ್ಕೊಂಡು ಐಡ್ಲಿಂಗ್ ನಯವಾಗತ್ತೆ, ಹೊಗೆ ನಿಲ್ಲತ್ತೆ, ಆಮೇಲೆ ರಾತ್ರಿವರೆಗೂ ಕೀ ತಿರುಗಿಸಿದ ಕೂಡ್ಲೇ ಸ್ಟಾರ್ಟ್.

ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರಲ್ಲ ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಗಾಳಿನ ಹದಿನಾರು, ಹದಿನೆಂಟು ಪಟ್ಟು ಒತ್ತಿ, ಆ ಒತ್ತಡಕ್ಕೇ ಗಾಳಿ ಕಾದು, ಅದ್ರೊಳಕ್ಕೆ ಡೀಸೆಲ್ ಚಿಮ್ಮಿದ ಕೂಡ್ಲೇ ಹತ್ಕೋಬೇಕು. ತಣ್ಣಗಿರೋ ಹೆಡ್ಡು, ಪಿಸ್ಟನ್ನು, ಸಿಲಿಂಡರ್ ಗೋಡೆ ಆ ಶಾಖನ ಹೀರ್ಕೊಂಡ್ಬಿಡತ್ತೆ, ಅದಕ್ಕೇ ಹೀಟರ್ ಪ್ಲಗ್ ಇಟ್ಟಿರೋದು, ಗ್ಲೋ ಪ್ಲಗ್ ಅಂತಾರಲ್ಲ ಅದು, ಕೆಲವೇ ಸೆಕೆಂಡಲ್ಲಿ ಅದರ ತುದಿ 850 ಡಿಗ್ರಿಗಿಂತ ಮೇಲೆ ಕಾಯತ್ತೆ. ಅದು ಕಾಯ್ಲಿಲ್ಲ ಅಂದ್ರೆ ಚಿಮ್ಮಿದ ಡೀಸೆಲ್ ಉರಿಯದೆ ಆವಿಯಾಗಿ ಹೊರಗೆ ಬರತ್ತೆ, ಆ ಬಿಳಿ ಹೊಗೆ ಅದೇನೇ. ಹಾಗಾಗಿ ಸೆಲ್ಫ್ ಹೊಡೀವಾಗ ಬಿಳಿ ಹೊಗೆ ಬರ್ತಿದೆ ಅಂದ್ರೆ ಡೀಸೆಲ್ ಒಳಗೆ ಹೋಗ್ತಿದೆ, ಉರೀತಿಲ್ಲ ಅಷ್ಟೇ ಅಂತ ಅರ್ಥ. ಈ ಒಂದು ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಗ್ಯಾರೇಜ್‌ಗೆ ನಾನೇ ಓಡಿಸ್ಕೊಂಡು ಹೋದೆ, ಹೋಗೋ ಅಷ್ಟರಲ್ಲಿ ಇಂಜಿನ್ ಬಿಸಿ, ಎಲ್ಲ ಸರಿ. ಬೆಳಿಗ್ಗೆ ಏನಾಗತ್ತೆ ಅಂತ ಬಾಯಲ್ಲೇ ಹೇಳಿದೆ, ಹೀಟರ್ ಪ್ಲಗ್ ನೋಡ್ತೀರಾ ಅಂತಾನೂ ಕೇಳಿದೆ. ಅಲ್ಲಿನ ಹೆಡ್ ಮೆಕ್ಯಾನಿಕ್ ಸ್ಕ್ಯಾನರ್ (ಗಾಡಿ ಕಂಪ್ಯೂಟರ್‌ನಲ್ಲಿರೋ ದೋಷದ ಕೋಡ್ ಓದೋ ಯಂತ್ರ) ಚುಚ್ಚಿ, "ಸರ್, ಒಂದು ಕೋಡೂ ಇಲ್ಲ, ಡ್ಯಾಶ್‌ಬೋರ್ಡಲ್ಲಿ ಹೀಟರ್ ಲೈಟೂ ಸರಿಯಾಗಿ ಬಂದು ಹೋಗ್ತಿದೆ, ಪ್ಲಗ್ ಎಲ್ಲ ಓಕೆ, ಇದು ಇಂಜೆಕ್ಟರ್ರೇ" ಅಂದ. ಟೆಸ್ಟ್ ಮಾಡಿ ಹೇಳಿ ಅಂದ್ರೆ "ಇಷ್ಟು ವರ್ಷದ ಎಕ್ಸ್‌ಪೀರಿಯೆನ್ಸ್ ಸರ್" ಅನ್ನೋ ಉತ್ತರ.

ಇಲ್ಲೇ ಎಲ್ಲರೂ ಸಿಕ್ಕಿಹಾಕ್ಕೊಳ್ಳೋದು. ಹಳೇ ಮಾದರಿ ಎಷ್ಟೋ ಗಾಡಿಗಳಲ್ಲಿ ಆ ಸುರುಳಿ ಗುರುತಿನ ಲೈಟು ಬರೀ ಟೈಮರ್ ಮೇಲೆ ನಡೆಯತ್ತೆ. ಇಂಜಿನ್ ಎಷ್ಟು ತಣ್ಣಗಿದೆ ಅಂತ ನೋಡಿ ಇಷ್ಟು ಸೆಕೆಂಡ್ ಉರೀಬೇಕು ಅಂತ ಲೆಕ್ಕ, ಪ್ಲಗ್ ನಿಜವಾಗಿ ಕಾದಿದ್ಯಾ ಇಲ್ವಾ ಅಂತ ಅದಕ್ಕೆ ಗೊತ್ತೇ ಇರಲ್ಲ, ನಾಲ್ಕೂ ಸತ್ತಿದ್ರೂ ಲೈಟ್ ಬರತ್ತೆ, ಹೋಗತ್ತೆ. ಹೊಸ ಗಾಡಿಗಳಲ್ಲಿ ಕಂಟ್ರೋಲ್ ಮಾಡ್ಯೂಲ್ ಪ್ರತಿ ಪ್ಲಗ್ಗನ್ನೂ ಬೇರೆ ಬೇರೆಯಾಗಿ ನೋಡತ್ತೆ, ಅಲ್ಲಿ ಪಿ0671ರಿಂದ ಪಿ0674ರವರೆಗಿನ ಕೋಡ್ ಬಂದ್ರೆ ಯಾವ ಸಿಲಿಂಡರ್‌ದು ಅಂತಾನೇ ಗೊತ್ತಾಗತ್ತೆ. ನನ್ನ ಗಾಡೀಲಿ ಆ ವ್ಯವಸ್ಥೆನೇ ಇರಲಿಲ್ಲ, ಕೋಡ್ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ಇಂಜೆಕ್ಟರ್ ಸವೆದು ರಿಟರ್ನ್ ಲೈನ್‌ಗೆ, ಅಂದ್ರೆ ಟ್ಯಾಂಕಿಗೆ ವಾಪಸ್ ಹೋಗೋ ಪೈಪ್‌ಗೆ, ಜಾಸ್ತಿ ಡೀಸೆಲ್ ಬಿಡ್ತಿದ್ರೆ ಸಾಮಾನ್ಯವಾಗಿ ಬಿಸಿ ಇದ್ದಾಗಲೇ ಸ್ಟಾರ್ಟಿಂಗ್ ಹೆಚ್ಚು ಸತಾಯಿಸತ್ತೆ, ಯಾಕಂದ್ರೆ ಬಿಸಿ ಡೀಸೆಲ್ ತೆಳ್ಳಗಾಗಿ ಇನ್ನೂ ಜಾಸ್ತಿ ಸೋರತ್ತೆ, ಸೆಲ್ಫ್ ಹೊಡೀವಾಗ ರೈಲ್‌ನಲ್ಲಿ ಬೇಕಾದ ಪ್ರೆಷರ್, ಹೆಚ್ಚಿನ ಗಾಡಿಗಳಿಗೆ 200 ಬಾರ್ ಆಸುಪಾಸು, ಏರಲ್ಲ. ಬಿಸಿ ಇದ್ದಾಗ ಕೀ ಮುಟ್ಟಿದ್ರೆ ಏಳೋ ಗಾಡಿಗೆ ಮೊದಲನೇ ಅನುಮಾನನೇ ಇಂಜೆಕ್ಟರ್ ಮೇಲೆ ಹೋಗಬಾರದು. ನಾಜಲ್ ತೊಟ್ಟಿಕ್ಕಿದ್ರೆ ಬೆಳಿಗ್ಗೆ ಹೊಗೆ ಬರಬಹುದು, ಇಲ್ಲ ಅನ್ನಲ್ಲ, ಆದ್ರೆ ಅದನ್ನ ನೋಡೋಕೆ ಟೆಸ್ಟ್ ಇದೆ, ಬೆಂಚ್ ಇದೆ, ಅಂದಾಜಲ್ಲಿ ಬಿಚ್ಚೋ ಸಾಮಾನಲ್ಲ ಅದು.

ಬಿಚ್ಚಿದ್ರು. ರಿಪೇರಿ ಮಾಡಿದ ಇಂಜೆಕ್ಟರ್ ಅಂತ ನಾಲ್ಕನ್ನೂ ಬದಲಾಯಿಸಿದ್ರು, ಜೊತೆಗೆ ಡೀಸೆಲ್ ಫಿಲ್ಟರೂ ಹೊಸದು ಹಾಕಿದ್ರು. ಮಾರನೇ ಬೆಳಿಗ್ಗೆ ಕೀ ತಿರುಗಿಸಿದ್ರೆ ಮೊದಲಿಗಿಂತ ಕಷ್ಟ. ಸೆಲ್ಫ್ ಹೊಡೀತಾನೇ ಇದ್ದೀನಿ, ಸೈಲೆನ್ಸರ್ ಹತ್ರ ನಿಂತು ನೋಡ್ತಿದ್ದ ತಮ್ಮ "ಹೊಗೆನೇ ಬರ್ತಿಲ್ಲ ಕಣೋ" ಅಂತ ಕೂಗಿದ. ನಿಜ, ಮೊದಲು ಹೊಗೆ ಬರ್ತಿತ್ತು, ಈಗ ಸುಮಾರು ಹೊತ್ತು ಏನೂ ಇಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಹೊಗೆ ಶುರುವಾಗಿ, ಮತ್ತೆ ಅದೇ ಕುಂಟಾಟ. ಜೊತೆಗೆ ಈಗ ಇಂಜಿನ್ ಬಿಸಿಯಾದ ಮೇಲೂ ಐಡ್ಲಿಂಗ್ ಸಮ ಇಲ್ಲ, ಸಿಗ್ನಲ್‌ನಲ್ಲಿ ನಿಂತ್ರೆ ಸಣ್ಣಗೆ ಮಿಸ್ಸಿಂಗ್.

ವಾಪಸ್ ಹೋಗಿ ಹೇಳಿದ್ರೆ "ಹಂಗಾದ್ರೆ ಪಂಪು ವೀಕು" ಅಂದ್ರು. ಪಂಪ್‌ಗೆ ನಾನು ಒಪ್ಪಲಿಲ್ಲ, ರಾತ್ರಿ ಇಲ್ಲೇ ಇಟ್ಕೊಂಡು ಬೆಳಿಗ್ಗೆ ನೀವೇ ಸ್ಟಾರ್ಟ್ ಮಾಡಿ ನೋಡಿ ಅಂದೆ. ಬೆಳಿಗ್ಗೆ ನಾನು ಅಲ್ಲಿಗೆ ಹೋಗೋ ಹೊತ್ತಿಗೆ ಒಬ್ಬ ಹುಡುಗ ಏರ್ ಫಿಲ್ಟರ್ ಡಬ್ಬಿ ತೆಗೆದು ಸ್ಟಾರ್ಟಿಂಗ್ ಸ್ಪ್ರೇ ಹೊಡೀತಿದ್ದಾನೆ, ಇನ್ನೊಬ್ಬ ಒಳಗೆ ಕೂತು ಕೀ ಆನ್ ಮಾಡಿ ಹೀಟರ್ ಲೈಟ್ ಹೋಗ್ಲಿ ಅಂತ ಕಾಯ್ತಿದ್ದಾನೆ. ನಾನು ಬೇಡ ಅನ್ನೋ ಅಷ್ಟರಲ್ಲಿ ಸೆಲ್ಫ್ ಹೊಡೆದ. ಇಂಟೇಕ್ ಒಳಗಿಂದ ಫಡ್ ಅಂತ ಸದ್ದು, ಆಮೇಲೆ ಕಬ್ಬಿಣಕ್ಕೆ ಸುತ್ತಿಗೇಲಿ ಹೊಡೆದ ಹಾಗೆ ನಾಕಿಂಗ್, ಇಂಜಿನ್ ಎದ್ದಿತು. "ನೋಡಿ ಸರ್ ಬಂತು" ಅಂದ್ರು. ನನಗೆ ಮೈಯೆಲ್ಲ ಉರಿದುಹೋಯ್ತು.

ಈ ಸ್ಪ್ರೇ ವಿಷಯ ದಯವಿಟ್ಟು ಹಗುರವಾಗಿ ತಗೋಬೇಡಿ. ಅದರಲ್ಲಿ ಇರೋದು ಈಥರ್, ಅದು 200 ಡಿಗ್ರಿಗಿಂತ ಕಮ್ಮಿಗೇ ಹತ್ಕೊಳ್ಳತ್ತೆ. ಹೀಟರ್ ಪ್ಲಗ್ ಕೆಂಪಗೆ ಕಾದಿರೋ ಸಿಲಿಂಡರ್ ಒಳಗೆ ಅದು ಹೋದ್ರೆ ಪಿಸ್ಟನ್ ಮೇಲೆ ಬರೋಕೆ ಮುಂಚೆನೇ ಸ್ಫೋಟ ಆಗತ್ತೆ, ಮೇಲೆ ಬರ್ತಿರೋ ಪಿಸ್ಟನ್ನನ್ನ ಕೆಳಗೆ ಒದೆಯೋ ಹಾಗೆ. ರಿಂಗ್ ಮುರೀಬಹುದು, ರಿಂಗ್ ಕೂರೋ ಜಾಗದಲ್ಲೇ ಪಿಸ್ಟನ್ ಒಡೀಬಹುದು, ಕನೆಕ್ಟಿಂಗ್ ರಾಡ್ ಬಗ್ಗಬಹುದು, ಇಂಟೇಕ್‌ಗೆ ಬೆಂಕಿ ಹತ್ತಿ ಮುಂದೆ ನಿಂತವನ ಮುಖಕ್ಕೂ ಬರಬಹುದು. ಇಂಟೇಕ್‌ನಲ್ಲೇ ಏರ್ ಹೀಟರ್ ಇರೋ ಇಂಜಿನ್‌ಗಳಲ್ಲಂತೂ ಇನ್ನೂ ಅಪಾಯ. ಹೀಟರ್ ಪ್ಲಗ್ ಇರೋ ಗಾಡಿಗೆ ಯಾರೇ ಈ ಸ್ಪ್ರೇ ಕೈಗೆತ್ಕೊಂಡ್ರೂ ಅಲ್ಲೇ ತಡೀರಿ, ಜಗಳ ಆದ್ರೂ ಪರವಾಗಿಲ್ಲ.

ಅಲ್ಲಿಂದ ಗಾಡಿ ಎತ್ಕೊಂಡು ಇನ್ನೊಬ್ರ ಹತ್ರ ಹೋದೆ, ವಯಸ್ಸಾದವರು, ಒಬ್ರೇ ಕೆಲಸ ಮಾಡೋದು. ನಾನು ಹೇಳಿದ್ದೆಲ್ಲ ಕೇಳಿ ಬಾನೆಟ್ ಕೂಡ ಎತ್ತಲಿಲ್ಲ. "ಇವತ್ತು ಇಟ್ಟೋಗಿ, ನಾಳೆ ಬೆಳಿಗ್ಗೆ ಬೇಗ ಬನ್ನಿ, ನೀವು ಬರೋವರೆಗೂ ನಾನು ಕೀ ಮುಟ್ಟಲ್ಲ" ಅಂದ್ರು. ನನಗೆ ಅಲ್ಲೇ ಅರ್ಧ ಧೈರ್ಯ ಬಂತು.

ಬೆಳಿಗ್ಗೆ ಅವರು ಮೊದಲು ಮಾಡಿದ್ದು ಬ್ಯಾಟ್ರಿಗೆ ಮೀಟರ್ ಇಟ್ಟಿದ್ದು, 12.5 ವೋಲ್ಟ್ ಇತ್ತು, ಸೆಲ್ಫ್ ಹೊಡೀವಾಗ 10ಕ್ಕಿಂತ ಕೆಳಗೆ ಬರಲಿಲ್ಲ, ಸರಿ ಮುಂದಕ್ಕೆ. (9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟ್ರಿ ಇಲ್ಲಾ ಕೇಬಲ್ ಮೊದಲು ನೋಡ್ಬೇಕು, ಸೆಲ್ಫ್ ನಿಧಾನ ತಿರುಗಿದ್ರೆ ಕಂಪ್ರೆಷನ್ ಶಾಖನೇ ಸಾಲಲ್ಲ.) ಸ್ಕ್ಯಾನರ್‌ನಲ್ಲಿ ಕೋಡ್ ನೋಡಲಿಲ್ಲ, ಕೂಲಂಟ್ ಟೆಂಪರೇಚರ್ ನೋಡಿದ್ರು. ರಾತ್ರಿಯೆಲ್ಲ ನಿಂತ ಗಾಡೀಲಿ ಅದು ಹೊರಗಿನ ಗಾಳಿಯಷ್ಟೇ ತೋರಿಸ್ಬೇಕು, ಸೆನ್ಸರ್ ಕೆಟ್ಟು 60, 70 ಡಿಗ್ರಿ ಅಂತ ಸುಳ್ಳು ಹೇಳ್ತಿದ್ರೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಇಂಜಿನ್ ಬಿಸಿ ಇದೆ ಅನ್ಕೊಂಡು ಹೀಟರ್‌ಗೆ ಕರೆಂಟೇ ಕೊಡಲ್ಲ. ನನ್ನದು ಸರಿ ಇತ್ತು.

ಆಮೇಲೆ ಪ್ಲಗ್‌ಗಳ ತಲೆ ಮೇಲಿನ ವೈರ್ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟ್ರಿ ಪ್ಲಸ್‌ಗೆ ಸಿಕ್ಕಿಸಿ ಇನ್ನೊಂದು ತುದಿನ ಒಂದೊಂದೇ ಪ್ಲಗ್‌ಗೆ ಮುಟ್ಟಿಸಿದ್ರು. ಒಂದನೇದು ಉರೀಲಿಲ್ಲ. ಎರಡನೇದು ಇಲ್ಲ. ಮೂರನೇದು ಮುಟ್ಟಿಸಿದ್ರೆ ಲ್ಯಾಂಪ್ ಉರೀತು. ನಾಲ್ಕನೇದು ಇಲ್ಲ. ಅಷ್ಟೇ ಸ್ನೇಹಿತರೇ, ಒಂದೆರಡು ನಿಮಿಷದ ಕೆಲಸ, ಒಂದು ಸಣ್ಣ ಬಲ್ಬು. ನಾಲ್ಕು ಪ್ಲಗ್‌ನಲ್ಲಿ ಮೂರು ಸತ್ತಿದ್ವು. ಒಳಗಿನ ಕಾಯಿಲ್ ಕಟ್ ಆಗಿದ್ರೆ ಕರೆಂಟ್ ಹರಿಯಲ್ಲ, ಲ್ಯಾಂಪ್ ಉರಿಯಲ್ಲ. ಮಲ್ಟಿಮೀಟರ್‌ನಲ್ಲಿ ನೋಡಿದ್ರೂ ಆಗತ್ತೆ, ಒಳ್ಳೇ ಪ್ಲಗ್ ಒಂದು ಓಮ್ ಆಸುಪಾಸು ತೋರಿಸತ್ತೆ, ಸತ್ತಿರೋದು ಏನೂ ತೋರಿಸಲ್ಲ. ರಿಲೇ ಕೆಲಸ ಮಾಡ್ತಿದ್ಯಾ ಅಂತ ನೋಡೋಕೆ ಕ್ಲ್ಯಾಂಪ್ ಮೀಟರ್ ಹಾಕಿದ್ರು, ಕರೆಂಟ್ ಬರ್ತಿತ್ತು, ಒಂದೇ ಪ್ಲಗ್ ಎಳೆಯೋ ಅಷ್ಟು ಮಾತ್ರ.

ಹೊಗೆ ಇಲ್ಲದೆ ಸೆಲ್ಫ್ ತಿರುಗೋ ವಿಷಯ ಹೇಳಿದ ಕೂಡ್ಲೇ ಅವರು ಫಿಲ್ಟರ್‌ನಿಂದ ಪಂಪ್‌ಗೆ ಹೋಗೋ ಪೈಪ್ ತೆಗೆದು ಅಲ್ಲಿ ಪಾರದರ್ಶಕ ಪೈಪ್ ಸಿಕ್ಕಿಸಿದ್ರು. ಸೆಲ್ಫ್ ಹೊಡೆದ್ರೆ ಅದರೊಳಗೆ ಗುಳ್ಳೆ ಗುಳ್ಳೆಯಾಗಿ ಗಾಳಿ ಓಡ್ತಿದೆ, ಕಣ್ಣಾರೆ ನೋಡಿದೆ. ಹೊಸ ಫಿಲ್ಟರ್ ಹಾಕುವಾಗ ಓ ರಿಂಗ್ (ಸಂದು ಮುಚ್ಚೋ ರಬ್ಬರ್ ಬಳೆ) ಸರಿಯಾಗಿ ಕೂರಿಸಿರಲಿಲ್ಲ, ಒಂದು ಕಡೆ ಮಡಚ್ಕೊಂಡು ಕಚ್ಚಿಹೋಗಿತ್ತು. ಎಳ್ಕೊಳ್ಳೋ ಕಡೆ ಲೈನ್‌ನಲ್ಲಿ ಹೀಗಾದ್ರೆ ಡೀಸೆಲ್ ಹೊರಗೆ ಸೋರಲ್ಲ, ಒಂದು ತೊಟ್ಟೂ ಕಾಣಲ್ಲ, ಗಾಳಿ ಒಳಗೆ ನುಗ್ಗತ್ತೆ, ರಾತ್ರಿಯೆಲ್ಲ ನಿಂತಾಗ ಪೈಪಲ್ಲಿರೋ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದುಬಿಡತ್ತೆ. ಹೊಗೆನೇ ಬರದೆ ಸೆಲ್ಫ್ ತಿರುಗ್ತಿದ್ರೆ ಡೀಸೆಲ್ಲೇ ತಲುಪ್ತಿಲ್ಲ ಅಂತ ಅನುಮಾನ ಪಡಿ. ಇಳಿಜಾರಲ್ಲಿ ಒಂದು ರಾತ್ರಿ ಮೂತಿ ಮೇಲೆ, ಇನ್ನೊಂದು ರಾತ್ರಿ ಮೂತಿ ಕೆಳಗೆ ನಿಲ್ಲಿಸಿ ವ್ಯತ್ಯಾಸ ಬರತ್ತಾ ನೋಡಿ, ಬಂದ್ರೆ ಏರ್ ತಗೊಳ್ತಿರೋದು ಹೆಚ್ಚುಕಮ್ಮಿ ಗ್ಯಾರಂಟಿ. ಆದ್ರೆ ಒಂದು ಎಚ್ಚರಿಕೆ, ಈ ಪೈಪ್ ಪ್ರಯೋಗ ಪಂಪ್‌ಗೆ ಮುಂಚಿನ ಕಡಿಮೆ ಒತ್ತಡದ ಲೈನ್‌ನಲ್ಲಿ ಮಾತ್ರ. ಪಂಪ್‌ನಿಂದ ರೈಲ್‌ಗೆ, ಇಂಜೆಕ್ಟರ್‌ಗೆ ಹೋಗೋ ಕಬ್ಬಿಣದ ಪೈಪ್‌ಗಳ ನಟ್ಟನ್ನ ಇಂಜಿನ್ ಓಡುವಾಗ ಹಳೇ ಗಾಡಿ ಅಭ್ಯಾಸದಲ್ಲಿ ಸಡಿಲ ಮಾಡಿದ್ರೆ ಆ ಪ್ರೆಷರ್‌ಗೆ ಡೀಸೆಲ್ ಚರ್ಮ ತೂತು ಮಾಡ್ಕೊಂಡು ಒಳಗೇ ಹೋಗತ್ತೆ, ಹೊರಗಿಂದ ಸಣ್ಣ ಗಾಯದ ಥರ ಕಂಡ್ರೂ ಕೂಡ್ಲೇ ಆಪರೇಷನ್ ಬೇಕಾಗೋ ಅಂಥದ್ದು.

ಬಿಸಿಯಾದ ಮೇಲೂ ಇದ್ದ ಮಿಸ್ಸಿಂಗ್‌ಗೆ ಕಾರಣ ಕೇಳಿ ನನಗೆ ಇನ್ನೂ ಸಿಟ್ಟು ಬಂತು. ಪ್ರತಿ ಇಂಜೆಕ್ಟರ್ ಮೇಲೆ ಒಂದು ಕೋಡ್ ಕೆತ್ತಿರತ್ತೆ, ಅದು ಎಷ್ಟು ಡೀಸೆಲ್ ಬಿಡತ್ತೆ ಅನ್ನೋ ಲೆಕ್ಕ, ಇಂಜೆಕ್ಟರ್ ಬದಲಾಯಿಸಿದ್ರೆ ಆ ಕೋಡನ್ನ ಇಸಿಯುಗೆ ಬರೀಬೇಕು. ಅವರು ಬರೆದೇ ಇಲ್ಲ, ಇಸಿಯು ಹಳೇ ನಾಲ್ಕರ ಲೆಕ್ಕದಲ್ಲೇ ಹೊಸದನ್ನ ಓಡಿಸ್ತಿತ್ತು.

ಪ್ಲಗ್ ಬಿಚ್ಚೋದು ಇನ್ನೊಂದು ಕಂಟಕ, ಅವಸರ ಮಾಡೋರಿಗೆ ಇದನ್ನ ಕೊಡ್ಲೇಬೇಡಿ. ಕಪ್ಪು ಮಸಿ ಕಟ್ಕೊಂಡು, ತುಕ್ಕು ಹಿಡಿದು ಥ್ರೆಡ್‌ನಲ್ಲಿ ಕಚ್ಕೊಂಡಿರತ್ತೆ, ತೆಳ್ಳಗಿನ ಎಂಟು ಮಿಲಿಮೀಟರ್ ಥ್ರೆಡ್ ಪ್ಲಗ್ ಅಂತೂ 20 ನ್ಯೂಟನ್ ಮೀಟರ್ ಆಸುಪಾಸಿಗೇ ಪಟ್ ಅಂತ ಮುರಿಯತ್ತೆ, ಮುರಿದ್ರೆ ವಿಶೇಷ ಡ್ರಿಲ್ ಕಿಟ್ ಇಲ್ಲಾ ಹೆಡ್ ಇಳಿಸೋದೇ ಗತಿ. ಇವರು ಹಿಂದಿನ ದಿನವೇ ಬುಡಕ್ಕೆ ತುಕ್ಕು ಬಿಡಿಸೋ ಎಣ್ಣೆ ಬಿಟ್ರು, ಮಾರನೇ ದಿನ ಇಂಜಿನ್ ಬಿಸಿ ಮಾಡಿ ಟಾರ್ಕ್ ರೆಂಚ್ ಹಿಡಿದು ಸ್ವಲ್ಪ ಬಿಚ್ಚೋದು, ಮತ್ತೆ ಸ್ವಲ್ಪ ಬಿಗಿ ಮಾಡೋದು, ಹಾಗೇ ಆಡಿಸ್ತಾ ಆಡಿಸ್ತಾ ನಾಲ್ಕನ್ನೂ ಇಡಿಯಾಗಿ ತೆಗೆದ್ರು. ನಾಲ್ಕನ್ನೂ ಒಟ್ಟಿಗೇ ಬದಲಾಯಿಸಿದೆ, ಒಂದು ಹೋಗಿದ್ರೆ ಉಳಿದಿದ್ದೂ ಅಷ್ಟೇ ವಯಸ್ಸಿನವು. ಹೊಸದು ತಗೊಳ್ಳುವಾಗ ಪಾರ್ಟ್ ನಂಬರ್ ಸರಿಯಾಗಿ ನೋಡಿ, ಈಗಿನ ಎಷ್ಟೋ ಪ್ಲಗ್‌ಗಳು 5, 7 ವೋಲ್ಟ್‌ನವು, ಕಾಯತ್ತಾ ನೋಡೋಣ ಅಂತ ನೇರ 12 ವೋಲ್ಟ್ ಬ್ಯಾಟ್ರಿಗೆ ಹಿಡಿದ್ರೆ ಅಲ್ಲೇ ಸುಟ್ಟುಹೋಗತ್ತೆ.

ಈಗ ಬೆಳಿಗ್ಗೆ ಲೈಟ್ ಹೋದ ಮೇಲೆ ಸೆಲ್ಫ್ ಹೊಡೆದ್ರೆ ತಕ್ಷಣ ಎದ್ದೇಳತ್ತೆ, ನಡುಕ ಇಲ್ಲ, ಹೊಗೆ ಇಲ್ಲ. ಪ್ಲಗ್ ತೂತಿಂದಲೇ ಕಂಪ್ರೆಷನ್ ಕೂಡ ನೋಡಿಸಿದೆ, ಸ್ಪ್ರೇ ಏಟು ಎಲ್ಲಿ ತಗುಲಿದೆಯೋ ಅಂತ ಭಯ ಇತ್ತು. ಮೂರನೇ ಸಿಲಿಂಡರ್, ಆವತ್ತು ಪ್ಲಗ್ ಕಾದಿದ್ದ ಅದೇ ಸಿಲಿಂಡರ್, ಉಳಿದ ಮೂರಕ್ಕಿಂತ ಸ್ವಲ್ಪ ಕಮ್ಮಿ ತೋರಿಸ್ತಿದೆ. ಮೊದಲೇ ಹಾಗಿತ್ತೋ, ಆವತ್ತು ಆಯ್ತೋ ಹೇಳೋಕಾಗಲ್ಲ ಅಂದ್ರು, ಮುಂದಿನ ಸರ್ವೀಸ್‌ವರೆಗೂ ಆಯಿಲ್ ಎಷ್ಟು ಕುಡಿಯತ್ತೆ ಬರೆದಿಟ್ಕೊಳ್ಳಿ, ಆಮೇಲೆ ಮತ್ತೆ ಗೇಜ್ ಹಾಕೋಣ ಅಂದಿದ್ದಾರೆ.