13 ವಾರದ ಪುಕ್ಕಟೆ ಕ್ಯಾಶ್ ಫ್ಲೋ ಟೆಂಪ್ಲೇಟು: ಒಂದೂವರೆ ವರ್ಷ ಬಳಸಿದ ಮೇಲೆ

ದೂರು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನ 13 ವಾರ ಎಷ್ಟು ಹಣ ಬರುತ್ತದೆ, ಎಷ್ಟು ಹೋಗುತ್ತದೆ ಅಂತ ಅಂದಾಜು ಹಾಕುವ ಈ ಸ್ಪ್ರೆಡ್‌ಶೀಟ್ ಟೆಂಪ್ಲೇಟಿಗೆ ಮಾರಾಟವೂ ಒಂದೇ, ದುಡ್ಡೂ ಒಂದೇ. ‘ಮಾರಾಟ’ ಅನ್ನುವ ಸಾಲಿನಲ್ಲಿ ಬರೆದದ್ದು ನೆಟ್ಟಗೆ ಅದೇ ವಾರದ ‘ಒಳಬಂದ ಹಣ’ಕ್ಕೆ ಹೋಗಿ ಕೂತುಬಿಡುತ್ತದೆ. ಕೈಮೇಲೆ ಕಾಸು ಎಣಿಸಿಕೊಳ್ಳುವ ವ್ಯಾಪಾರಕ್ಕೆ ಇದು ನಡೆಯುತ್ತದೆ. ಉದ್ರಿ ಕೊಡುವವರಿಗೆ ಮಾತ್ರ ಮೊದಲ ನಾಲ್ಕೈದು ವಾರ ಹಬ್ಬದ ಹಾಗೆ ಕಾಣುತ್ತದೆ, ಬ್ಯಾಂಕಿನ ಖಾತೆ ಬೇರೆಯೇ ಹಾಡುತ್ತಿರುತ್ತದೆ. ಹುಡುಕಿದರೆ ಪುಕ್ಕಟೆ ಸಿಗುವ ಇಂಥ ಶೀಟುಗಳಲ್ಲಿ ಹಲವಕ್ಕೆ ಇದೇ ಕಾಯಿಲೆ. ಹಾಗಾಗಿ ಇಳಿಸಿಕೊಂಡ ಸಂಜೆಯೇ ಅಂಕಿ ತುಂಬಿ ನಂಬಿಬಿಡಬೇಡಿ.

ಸರಿಪಡಿಸುವುದಕ್ಕೆ ಒಂದು ಮಧ್ಯಾಹ್ನ ಬೇಕು. ‘ವಸೂಲಿ’ ಅಂತ ಹೊಸ ಶೀಟು ತೆರೆಯಿರಿ. ಉದ್ರಿ ಗಿರಾಕಿ ಒಬ್ಬೊಬ್ಬರದೂ ಕೊನೆಯ ಹತ್ತು-ಹನ್ನೆರಡು ಬಿಲ್ಲು ತೆಗೆದುಕೊಂಡು, ಬಿಲ್ಲಿನ ತಾರೀಖು ಒಂದು ಕಾಲಂ, ಹಣ ಖಾತೆಗೆ ಬಿದ್ದ ತಾರೀಖು ಇನ್ನೊಂದು ಕಾಲಂ, ಎರಡರ ನಡುವಿನ ದಿನ ಮೂರನೆಯದು. ಇಲ್ಲಿ ಸರಾಸರಿ ತೆಗೆಯಬಾರದು. 31, 33, 34, 36, 118 ದಿನ ಅಂತಿದ್ದರೆ ಸರಾಸರಿ 50 ದಾಟುತ್ತದೆ. ಆ ಗಿರಾಕಿ ನಿಜವಾಗಿ ಕೊಡುವುದು 34ರ ಆಸುಪಾಸಿನಲ್ಲಿ. ಒಂದು ಜಗಳದ ಬಿಲ್ಲು ಇಡೀ ಲೆಕ್ಕ ಕೆಡಿಸುತ್ತದೆ. ನಡುವಿನ ಅಂಕಿ ಹಿಡಿಯಿರಿ, ಮೀಡಿಯನ್ ಸೂತ್ರ ಇರುವುದೇ ಅದಕ್ಕೆ. ಬಿಲ್ಲಿನ ತಾರೀಖಿಗೆ ಆ ದಿನಗಳನ್ನು ಕೂಡಿಸಿ, ಬಂದ ತಾರೀಖನ್ನು ಆ ವಾರದ ಸೋಮವಾರಕ್ಕೆ ಎಳೆದುಕೊಳ್ಳಿ: ತಾರೀಖಿನಿಂದ, ಅದು ವಾರದ ಎಷ್ಟನೇ ದಿನ ಅಂತ ಹೇಳುವ ವೀಕ್‌ಡೇ ಕಳೆದು ಒಂದು ಕೂಡಿಸಿದರೆ ಆಯಿತು, ವೀಕ್‌ಡೇ ಸೂತ್ರದ ಎರಡನೇ ಜಾಗದಲ್ಲಿ 2 ಹಾಕಿರಬೇಕು ಅಷ್ಟೆ. ಆಮೇಲೆ ಸೋಮವಾರದ ತಾರೀಖು ಹಿಡಿದು, ಷರತ್ತಿಗೆ ಹೊಂದುವ ಮೊತ್ತಗಳನ್ನಷ್ಟೇ ಕೂಡಿಸುವ ಸಮ್‌ಇಫ್ಸ್ ಮಾಡಿ ಮುಖ್ಯ ಶೀಟಿಗೆ ತನ್ನಿ. ವಾರದ ಸಂಖ್ಯೆ ಹಿಡಿದು ಕೂಡಿಸುವ ಉಪಾಯವೂ ಇದೆ, ಆದರೆ ವರ್ಷ ತಿರುಗಿದ ಕೂಡಲೇ ಸಂಖ್ಯೆ ಮತ್ತೆ ಒಂದರಿಂದ ಶುರುವಾಗಿ ಎರಡು ವರ್ಷದ ಹಣ ಕಲಸಿಹೋಗುತ್ತದೆ.

ಸಮ್‌ಇಫ್ಸ್ ಸೊನ್ನೆ ತೋರಿಸಿದರೆ ಸೂತ್ರವನ್ನು ಬೈಯುವ ಮೊದಲು ತಾರೀಖಿನ ಕಾಲಂ ನೋಡಿ. ತಾನಾಗಿ ಎಡಕ್ಕೆ ಅಂಟಿಕೊಂಡಿದ್ದರೆ ಅದು ತಾರೀಖಲ್ಲ, ಬರೀ ಅಕ್ಷರ. ಬೇರೆ ಸಾಫ್ಟ್‌ವೇರಿನಿಂದ ಕಾಪಿ ಮಾಡಿದಾಗ ಹೀಗಾಗುತ್ತದೆ. ಇದಕ್ಕಿಂತ ಕೆಟ್ಟದ್ದು 03/04: ಏಪ್ರಿಲ್ 3 ಹೋಗಿ ಮಾರ್ಚ್ 4 ಆಗಿ ಕೂತರೂ ಸುಳಿವು ಕೊಡುವುದಿಲ್ಲ. ತಿಂಗಳ ಹೆಸರು ಅಕ್ಷರದಲ್ಲಿ ಕಾಣುವ ಹಾಗೆ ಫಾರ್ಮ್ಯಾಟ್ ಬದಲಿಸಿಕೊಂಡರೆ ಕಣ್ಣಿಗೇ ಸಿಕ್ಕಿಬೀಳುತ್ತದೆ.

ಖರ್ಚಿನ ಕಡೆಯೂ ಒಂದು ಗುಂಡಿ ಇದೆ. ತಿಂಗಳ ಬಾಡಿಗೆ, ಸಂಬಳವನ್ನು ನಾಲ್ಕರಿಂದ ಭಾಗಿಸಿ ವಾರಕ್ಕಿಷ್ಟು ಅಂತ ಹಂಚಿ ಅನ್ನುತ್ತದೆ ಜೊತೆಗೆ ಬಂದ ಸೂಚನೆ. 13 ವಾರ ಅಂದರೆ 91 ದಿನ, ಮೂರು ತಿಂಗಳು. ನಾಲ್ಕರಿಂದ ಭಾಗಿಸಿ ಹದಿಮೂರು ಸಲ ಬರೆದರೆ ಮೂರೂಕಾಲು ತಿಂಗಳ ಬಾಡಿಗೆ ಕಟ್ಟಿದ ಹಾಗಾಯಿತು. ಅದು ಹೋಗಲಿ ಅಂದರೂ, ಹೀಗೆ ಹಂಚಿದರೆ ಶಿಲ್ಕು ಯಾವ ವಾರ ತಳ ಕಾಣುತ್ತದೆ ಅನ್ನುವುದೇ ಮುಚ್ಚಿಹೋಗುತ್ತದೆ. ಅದನ್ನು ನೋಡಲಿಕ್ಕೇ ತಾನೇ ಈ ಶೀಟು. ಸಂಬಳ ಕೊಡುವ ವಾರದಲ್ಲಿ ಪೂರ್ತಿ ಸಂಬಳ, ಕಂತು ಕಟ್ಟುವ ವಾರದಲ್ಲಿ ಪೂರ್ತಿ ಕಂತು ಬರೆಯಿರಿ. ಸಾಲದ ಅಸಲು ಲಾಭ-ನಷ್ಟದ ಪಟ್ಟಿಯಲ್ಲಿ ಕಾಣುವುದಿಲ್ಲ, ಇಲ್ಲಿ ಕಾಣಲೇಬೇಕು. ಸವಕಳಿ, ಅಂದರೆ ಯಂತ್ರ-ಸಾಮಾನು ಹಳೆಯದಾದ ಹಾಗೆ ಲೆಕ್ಕದಲ್ಲಷ್ಟೇ ಕಳೆಯುವ ಬೆಲೆ, ಅಲ್ಲಿರುತ್ತದೆ, ಇಲ್ಲಿಗೆ ಬರಬಾರದು. ಗಿರಾಕಿಯಿಂದ ವಸೂಲಾದ ಮಾರಾಟ ತೆರಿಗೆ ಖಾತೆಯಲ್ಲಿ ಮಲಗಿದ್ದರೂ ನಿಮ್ಮದಲ್ಲ, ಅದನ್ನು ಕಟ್ಟುವ ವಾರ ಮೊದಲೇ ಗುರುತು ಹಾಕಿಡಿ.

ಕೂಡುವ ಸಾಲಿನ ತರಲೆ ಚಿಕ್ಕದು, ಆದರೆ ಪದೇಪದೇ ಕಾಡುತ್ತದೆ. ಖರ್ಚುಗಳು ಬಿ5ರಿಂದ ಬಿ14, ಮೊತ್ತ ಬಿ15ರಲ್ಲಿ. ಹೊಸ ಖರ್ಚಿಗೆ ಮೊತ್ತದ ನೆತ್ತಿಯ ಮೇಲೆ ಸಾಲು ಸೇರಿಸಿದರೆ ಸೂತ್ರ ಕೆಲವು ಸಲ ತಾನೇ ಹಿಗ್ಗುತ್ತದೆ, ಕೆಲವು ಸಲ ಹದಿನಾಲ್ಕಕ್ಕೇ ನಿಂತಿರುತ್ತದೆ. ನಂಬುವ ಹಾಗಿಲ್ಲ. ಮೊತ್ತದ ಮೇಲೆ ಬೆರಳಗಲದ ಖಾಲಿ ಸಾಲೊಂದನ್ನು ಬಿಟ್ಟು, ಅದಕ್ಕೆ ಬೂದು ಬಣ್ಣ ಬಳಿದು, ಸೂತ್ರದೊಳಗೆ ಅದನ್ನೂ ಸೇರಿಸಿಕೊಳ್ಳಿ. ಏನೇ ಹೊಸದಿದ್ದರೂ ಆ ಬೂದು ಪಟ್ಟಿಯ ಮೇಲೆಯೇ ಸೇರಿಸಿ.

ಇಷ್ಟೆಲ್ಲ ರಿಪೇರಿ ಇರುವ ವಸ್ತುವನ್ನು ಯಾಕೆ ಇಟ್ಟುಕೊಳ್ಳಬೇಕು? ಶುಕ್ರವಾರದ ಇಪ್ಪತ್ತು ನಿಮಿಷಕ್ಕೋಸ್ಕರ. ಪ್ರತಿ ವಾರದ ಪಕ್ಕದಲ್ಲಿ ‘ಅಂದಾಜು’, ‘ನಿಜ’, ‘ವ್ಯತ್ಯಾಸ’ ಅಂತ ಮೂರು ಕಾಲಂ ಕೊಟ್ಟಿರುವುದೇ ಈ ಟೆಂಪ್ಲೇಟಿನ ಜೀವ. ಶುಕ್ರವಾರ ಸಂಜೆ ಬ್ಯಾಂಕ್ ಖಾತೆ ತೆರೆದು, ಆಗಿನ ಶಿಲ್ಕಿನಿಂದ ನೀವು ಬರೆದುಕೊಟ್ಟೂ ಇನ್ನೂ ನಗದಾಗದ ಚೆಕ್ಕುಗಳನ್ನು ಕಳೆಯಿರಿ. ಶೀಟಿನ ಶಿಲ್ಕಿಗೂ ಇದಕ್ಕೂ ತಾಳೆಯಾಗಬೇಕು. ಆಗದಿದ್ದರೆ ಅಲ್ಲೇ ನಿಂತು ಹುಡುಕಿ. ಮುಂದಿನ ವಾರಕ್ಕೆ ಬಿಟ್ಟರೆ ಎರಡು ವಾರದ್ದು ಗಂಟುಬೀಳುತ್ತದೆ. ಆಮೇಲೆ ಪ್ರತಿ ವ್ಯತ್ಯಾಸದ ಎದುರಿಗೂ ಎರಡೇ ಪದ: ‘ತಡ’ ಅಥವಾ ‘ತಪ್ಪು’. ಮುಂದೆ ಬರುವ ಹಣ ತಡ, ಅದನ್ನು ಮುಂದಿನ ವಾರಕ್ಕೆ ಸರಿಸಬೇಕು. ಬರದೇ ಇರುವ ಹಣ ತಪ್ಪು, ಅದನ್ನು ಅಳಿಸಬೇಕು. ಮೂರು ಶುಕ್ರವಾರ ಸರಿಸಿದ ಹಣವನ್ನು ನಾಲ್ಕನೇ ಶುಕ್ರವಾರ ಅಳಿಸಿಬಿಡುವುದು ಕಷ್ಟ ಅನ್ನಿಸುತ್ತದೆ. ಅಳಿಸಿ. ಬಂದರೆ ಬರಲಿ.

ಒಂದೆರಡು ತಿಂಗಳು ಇದನ್ನು ಮಾಡಿದರೆ ‘ತಡ’ಗಳು ಯಾರ ಹೆಸರಿನ ಎದುರು ಗುಂಪಾಗುತ್ತವೆ ಅಂತ ಗೊತ್ತಾಗುತ್ತದೆ. ಅತಿ ಹೆಚ್ಚು ವ್ಯಾಪಾರ ಕೊಡುವ ಗಿರಾಕಿಯ ಹೆಸರೇ ಅಲ್ಲಿ ಕಂಡರೆ ಆಶ್ಚರ್ಯಪಡಬೇಕಿಲ್ಲ.

ವ್ಯವಹಾರ ಬೆಳೆಸುವವರಿಗೆ ಇದರ ಇನ್ನೊಂದು ಉಪಯೋಗ, ದೊಡ್ಡ ಆರ್ಡರು ಒಪ್ಪಿಕೊಳ್ಳುವ ಮೊದಲು. ಶೀಟಿನ ಪ್ರತಿ ಮಾಡಿಕೊಂಡು ಆರ್ಡರನ್ನು ಅದರಲ್ಲಿ ಹಾಕಿ ನೋಡಿ. ಆರ್ಡರಿನ ಬೆಲೆ 300 ಅನ್ನೋಣ. ಎರಡನೇ ವಾರ ಕಚ್ಚಾ ಸರಕಿಗೆ 140, ಮೂರರಿಂದ ಐದನೇ ವಾರದವರೆಗೆ ಹೆಚ್ಚಿನ ಕೂಲಿ ವಾರಕ್ಕೆ 20, ಐದನೇ ವಾರ ಸರಕು ರವಾನೆ, ಹಣ ಹನ್ನೊಂದನೇ ವಾರ. ಲಾಭ 100, ಕಾಗದದ ಮೇಲೆ ಬಲು ಸೊಗಸು. ಆದರೆ ಈ ಆರ್ಡರಿಲ್ಲದೆಯೂ ಆರನೇ ವಾರ ಶಿಲ್ಕು 120ಕ್ಕೆ ಇಳಿಯುವುದಿದ್ದರೆ, ಆರ್ಡರು ಹಿಡಿದ ಮೇಲೆ ಅದು ಸೊನ್ನೆಗಿಂತ 80 ಕೆಳಗೆ ಹೋಗುತ್ತದೆ. ಶೇ. 30 ಮುಂಗಡ ಕೇಳಿದರೆ 10 ಉಳಿಯುತ್ತದೆ, ಅದು ಉಸಿರು ಬಿಗಿಹಿಡಿದ ಹಾಗೆ. ಶೇ. 40 ಕೇಳಿದರೆ 40 ಉಳಿಯುತ್ತದೆ. ಮುಂಗಡ ಎಷ್ಟು ಕೇಳಬೇಕು ಅನ್ನುವುದಕ್ಕೆ ಧೈರ್ಯವೋ ದಾಕ್ಷಿಣ್ಯವೋ ಉತ್ತರ ಕೊಡುವ ಬದಲು ಆರನೇ ವಾರದ ಆ ಒಂದು ಕೋಶವೇ ಕೊಡುತ್ತದೆ. ಗಿರಾಕಿ ಒಪ್ಪದಿದ್ದರೆ, ಸಾಲ ಕೇಳಲು ಹೋಗುವಾಗಲೂ ಇದೇ ಶೀಟು ಕೈಯಲ್ಲಿರಲಿ: ಎಷ್ಟು ಬೇಕು, ಯಾವ ವಾರದಿಂದ, ಯಾವ ವಾರ ತೀರುತ್ತದೆ, ಮೂರೂ ಅದರಲ್ಲಿವೆ. ಹಿಂದಿನ ‘ಅಂದಾಜು’, ‘ನಿಜ’ ಕಾಲಂಗಳನ್ನು ಅಳಿಸದೆ ತೋರಿಸಿ, ಅಂದಾಜು ಹತ್ತಿರಕ್ಕೆ ಬರುತ್ತಿದ್ದರೆ ಸಾಲ ಕೊಡುವವರು ನೋಡುವುದು ಅದನ್ನೇ.

ಕೊನೆಗೊಂದು ಎಚ್ಚರಿಕೆ. ಮುಗಿದ ವಾರದ ಕಾಲಮ್ಮನ್ನು ಅಳಿಸಿ ಹದಿನಾಲ್ಕನೆಯದನ್ನು ಸೇರಿಸಿ ಅಂತ ಸೂಚನೆಯಲ್ಲಿದೆ. ಅಳಿಸಿದರೆ ಆರಂಭಿಕ ಶಿಲ್ಕು ಹಿಂದಿನ ವಾರದ ಅಂತಿಮ ಶಿಲ್ಕನ್ನು ಹುಡುಕಿಕೊಂಡು ಹೋಗಿ ಕಾಣದೆ, ಅಲ್ಲಿಂದ ಬಲಕ್ಕೆ ಸಾಲುಸಾಲಾಗಿ ‘ರೆಫ್’ ದೋಷ ಬೀಳುತ್ತದೆ. ಹಳೆಯ ಕಾಲಂ ಮರೆಮಾಡಿದರೆ ಸಾಕು.

ಐದಕ್ಕೆ ಮೂರೂವರೆ. ಅಂದೇ ಮಾರಿ ಅಂದೇ ಹಣ ಎಣಿಸುವವರಿಗೆ ಇಷ್ಟು ದೊಡ್ಡ ಶೀಟು ಬೇಕಿಲ್ಲ, ನಾಲ್ಕು ವಾರದ್ದು ಸಾಕಾಗುತ್ತದೆ. ಉದ್ರಿ ಕೊಡುವವರು ‘ವಸೂಲಿ’ ಶೀಟು ಕಟ್ಟಿಕೊಂಡ ಮೇಲೆ ಇನ್ನರ್ಧ ಅಂಕ ಸೇರಿಸಿಕೊಳ್ಳಬಹುದು.