ಹಳೇ ಎಂಜಿಬಿಗೆ ಹಾಕಿ ನೋಡಿದ ಐದು ಕನ್ನಡಿಗಳು

ನಮ್ಮ ಮನೆಯಲ್ಲಿ 1966ರ ಎಂಜಿಬಿ ರೋಡ್‌ಸ್ಟರ್ ಇದೆ. ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು. ಮಾವ ಕೊಂಡಿದ್ದು, ಈಗ ನಮ್ಮ ಪಾಲಿಗೆ ಬಂದಿದೆ. 1798 ಸಿಸಿ ಎಂಜಿನ್, ಎರಡೇ ಸೀಟು, ಬಟ್ಟೆಯ ಟಾಪ್. ಮುಂದೆ ಓಡುವುದರಲ್ಲಿ ಇವತ್ತಿಗೂ ಅದರದ್ದು ತಕರಾರಿಲ್ಲ. ಹಿಂದೆ ಏನು ಬರುತ್ತಿದೆ ಅಂತ ತಿಳಿಯುವುದೇ ಕಷ್ಟ. ಹೋದ ವರ್ಷ ಬಾಳೆಹೊನ್ನೂರು ರಸ್ತೆಯಲ್ಲಿ ಆಲ್ದೂರು ದಾಟಿದ ಮೇಲೆ ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯಿತು. ನಾನು ಕೂತಲ್ಲೇ ಬೆಚ್ಚಿಬಿದ್ದೆ. ಕನ್ನಡಿಯಲ್ಲಿ ಅದು ಕಂಡಿತ್ತು, ಆದರೆ ಬಸ್ಸಾಗಿ ಅಲ್ಲ, ನಡುಗುವ ಒಂದು ಕೆಂಪು ಮಸುಕಾಗಿ.

ಅವತ್ತಿನಿಂದ ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಕನ್ನಡಿ ಬದಲಾಯಿಸುವುದೇ ನನ್ನ ಕೆಲಸವಾಯಿತು. ಅಳತೆಗೆ ನಮ್ಮ ಕಾಫಿ ಕಣ ಇತ್ತು. ಮಳೆಗಾಲದಲ್ಲಿ ಅದು ಹೇಗೂ ಖಾಲಿ. ಗಾಡಿಯನ್ನು ಒಂದು ತುದಿಗೆ ನಿಲ್ಲಿಸಿ, ಮೂವತ್ತು ಅಡಿ ಹಿಂದೆ ಅಡ್ಡಕ್ಕೆ ಸುಣ್ಣದ ಗೆರೆ ಎಳೆದೆ. ತಂಗಿಯ ಮಗ ಒಂದು ಗೋಣಿಚೀಲ ಹಿಡಿದು ಗೆರೆಯುದ್ದಕ್ಕೂ ನಡೆಯುತ್ತಿದ್ದ. ಕನ್ನಡಿಯಲ್ಲಿ ಚೀಲ ಕಂಡಾಗ, ಮರೆಯಾದಾಗ ನಾನು ಕೂಗುತ್ತಿದ್ದೆ, ಅವನು ಗುರುತು ಹಾಕುತ್ತಿದ್ದ. "ಮಾವ, ಹೊಸ ಗಾಡಿ ತಗೊಂಡ್ರೆ ಇದೆಲ್ಲ ಇರಲ್ಲ ಅಲ್ವಾ?" ಅಂತ ಎರಡು ಸಲ ಕೇಳಿದ. ಕೇಳಿಸದವನ ಹಾಗೆ ಕೂತಿದ್ದೆ.

ಮೊದಲು ಗಾಡಿ ಜೊತೆ ಬಂದ ಕನ್ನಡಿ. ಎಂಜಿಬಿಯ ಮುಂದಿನ ಗಾಜಿನ ನಡುವೆ ಮೇಲಿಂದ ಕೆಳಗೆ ಒಂದು ತೆಳ್ಳನೆಯ ಕಡ್ಡಿ ಇರುತ್ತದೆ. ಕನ್ನಡಿ ಅದರ ಮೇಲೆ ಕೂರುತ್ತದೆ, ಬೇಕಾದರೆ ಮೇಲೆ ಕೆಳಗೆ ಜಾರಿಸಬಹುದು. ಒಳ್ಳೆಯ ಉಪಾಯವೇ. ಆದರೆ ಕಡ್ಡಿ ಸಡಿಲವಾದರೆ ಎಂಜಿನ್ನಿನ ನಡುಕವೆಲ್ಲ ಕನ್ನಡಿಗೆ ಬರುತ್ತದೆ. ನನ್ನ ಕನ್ನಡಿಯಲ್ಲಿ ಸುಣ್ಣದ ಗೆರೆ ಕಂಡಿದ್ದು ಬರೀ ಹತ್ತಡಿ. ಕಡ್ಡಿಯ ಕೆಳಗಿನ ಸ್ಕ್ರೂ ಬಿಗಿ ಮಾಡಿ, ಕಡ್ಡಿಗೂ ಹಿಡಿಕೆಗೂ ನಡುವೆ ಹಳೇ ಸೈಕಲ್ ಟ್ಯೂಬಿನ ಒಂದು ತುಂಡು ಸುತ್ತಿದೆ. ನಡುಕ ಮುಕ್ಕಾಲು ಪಾಲು ಹೋಯಿತು. ಖರ್ಚು ಸೊನ್ನೆ. ಇದನ್ನು ಮಾಡದೆ ಬೇರೆ ಯಾವ ಕನ್ನಡಿ ಕೊಂಡರೂ ದುಡ್ಡು ದಂಡ, ಯಾಕೆಂದರೆ ದೊಡ್ಡ ಕನ್ನಡಿಯ ಭಾರಕ್ಕೆ ನಡುಕ ಇನ್ನೂ ಜಾಸ್ತಿಯಾಗುತ್ತದೆ.

ಇಲ್ಲೇ ಇನ್ನೊಂದು ಮಾತು. ಟಾಪ್ ಹಾಕಿದಾಗ ನಾವು ಹಿಂದೆ ನೋಡುವುದು ಟಾಪಿನ ಪ್ಲಾಸ್ಟಿಕ್ ಕಿಟಕಿಯ ಮೂಲಕ. ನಮ್ಮದು ಬಿಸಿಲಿಗೆ ಹಳದಿಯಾಗಿ, ಮಡಚಿ ಮಡಚಿ ಬಿಳಿ ಗೆರೆ ಬಿದ್ದು, ಹಳೇ ಉಪ್ಪಿನಕಾಯಿ ಜಾಡಿಯ ಹಾಗಾಗಿತ್ತು. ಪಾಲಿಶ್ ಹಾಕಿ ಉಜ್ಜಿದೆ, ಸ್ವಲ್ಪ ತಿಳಿಯಾಯಿತು, ಸಾಲಲಿಲ್ಲ. ಕೊನೆಗೆ ಊರಿನ ಕುಶನ್ ಅಂಗಡಿಯಲ್ಲಿ ಹಳೆಯದನ್ನು ಬಿಚ್ಚಿಸಿ ಹೊಸ ಹಾಳೆ ಹೊಲಿಸಿದೆ. 1,400 ರೂಪಾಯಿ. ಮಳೆಗಾಲದ ಮಟ್ಟಿಗೆ ಯಾವ ಕನ್ನಡಿಯೂ ಇಷ್ಟು ಉಪಕಾರ ಮಾಡಲಿಲ್ಲ. ಡಿಸೆಂಬರ್ ಚಳಿಯ ಬೆಳಗ್ಗೆ ಮಾತ್ರ ಟಾಪ್ ಮಡಚಲು ಹೋಗಬೇಡಿ. ತಣ್ಣಗಾದ ಪ್ಲಾಸ್ಟಿಕ್ ಸೀಳುತ್ತದೆ.

ಎರಡನೆಯದು, ಎಲ್ಲರೂ ಮೊದಲು ಕೊಳ್ಳುವ ಕ್ಲಿಪ್ ಕನ್ನಡಿ. ಒಂದಡಿ ಅಗಲ, ಉಬ್ಬು ಗಾಜು, 450 ರೂಪಾಯಿ. ಇದ್ದ ಕನ್ನಡಿಯ ಮೇಲೆಯೇ ಸಿಕ್ಕಿಸಿದರೆ ಆಯಿತು. ಕಣದಲ್ಲಿ ಕೂತು ನೋಡಿದಾಗ ಮೈ ಜುಮ್ಮೆಂದಿತು. ಸುಣ್ಣದ ಗೆರೆ ಪೂರ್ತಿ, ಗೋದಾಮು, ಪಲ್ಪರ್ ಶೆಡ್ಡು, ಸಾಲದ್ದಕ್ಕೆ ನನ್ನದೇ ಕಿವಿ ಕೂಡ. ಇದೇ ಗೆದ್ದಿತು ಅಂದುಕೊಂಡು ಮೂಡಿಗೆರೆ ಮೇಲೆ ಚಾರ್ಮಾಡಿ ಘಾಟಿಗೆ ಇಳಿದೆ.

ಕೊಟ್ಟಿಗೆಹಾರ ಬರುವ ಹೊತ್ತಿಗೆ ಮೊದಲ ದೋಷ ಗೊತ್ತಾಯಿತು. ಉಬ್ಬು ಕನ್ನಡಿಯಲ್ಲಿ ಎಲ್ಲವೂ ಚಿಕ್ಕದಾಗಿ, ದೂರ ಇರುವಂತೆ ಕಾಣುತ್ತದೆ. ದೂರ ಇದೆ ಅಂದುಕೊಂಡ ಕಾರು ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಕದಲ್ಲಿತ್ತು. ಇದನ್ನಾದರೂ ಕಲಿಯಬಹುದಿತ್ತು. ಎರಡನೇ ದೋಷ ಘಾಟಿಯೊಳಗೆ ಸಿಕ್ಕಿತು, ಅದಕ್ಕೆ ಮದ್ದಿಲ್ಲ. ಎಂಜಿಬಿಯ ಮುಂದಿನ ಗಾಜು ಗಿಡ್ಡ. ನಾನು ಐದು ಅಡಿ ಹನ್ನೊಂದು ಇಂಚು. ಕನ್ನಡಿ ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ, ಎಡಕ್ಕೆ ಬರುತ್ತದೆ. ಎಡ ತಿರುವಿನಲ್ಲಿ ನಾವು ನೋಡಬೇಕಾದ ರಸ್ತೆ ಇರುವುದೂ ಅಲ್ಲೇ! ಪ್ರತಿ ಎಡ ತಿರುವಿನಲ್ಲೂ ಕುತ್ತಿಗೆ ಬಗ್ಗಿಸಿ ಕನ್ನಡಿ ಕೆಳಗಿಂದ ಇಣುಕಬೇಕಾಯಿತು.

ಮನೆಗೆ ಬಂದು ಕಣದಲ್ಲಿ ಇನ್ನೊಂದು ಪರೀಕ್ಷೆ ಮಾಡಿದೆ. ಈ ಸಲ ಮುಂದೆ. ತೋಟದ ಪಿಕಪ್ ಗಾಡಿಯನ್ನು ಎಡ ಮುಂದಕ್ಕೆ ಅರವತ್ತು ಅಡಿ ದೂರದಲ್ಲಿ ನಿಲ್ಲಿಸಿದೆ. ಕ್ಲಿಪ್ ಕನ್ನಡಿ ಇದ್ದಾಗ ಪಿಕಪ್ ಪೂರ್ತಿ ಮಾಯ. ಲೆಕ್ಕ ಸುಲಭ: ಕಣ್ಣಿಗೂ ಕನ್ನಡಿಗೂ ಎರಡಡಿ, ಪಿಕಪ್ ಅದರ ಮೂವತ್ತು ಪಟ್ಟು ದೂರ. ಹಾಗಾದರೆ ಕನ್ನಡಿಯ ಒಂದೊಂದು ಇಂಚೂ ಅಲ್ಲಿ ಎರಡೂವರೆ ಅಡಿ ಮುಚ್ಚುತ್ತದೆ. ಎರಡು ಕಣ್ಣು ಇರುವುದರಿಂದ ಅಂಚಿನಲ್ಲಿ ಸ್ವಲ್ಪ ಉಳಿಯುತ್ತದೆ, ಅಷ್ಟೇ. ಅವತ್ತಿನಿಂದ ಯಾವ ಕನ್ನಡಿ ಹಾಕಿದರೂ ಹಿಂದೆ ಎಷ್ಟು ಕಾಣುತ್ತದೆ ಅಂತ ನೋಡುವ ಮೊದಲು ಮುಂದೆ ಎಷ್ಟು ಮುಚ್ಚುತ್ತದೆ ಅಂತ ನೋಡಿದೆ. ಕಡೂರಿನ ನೇರ ರಸ್ತೆಯಲ್ಲಿ ಓಡಾಡುವವರಿಗೆ ಇದು ದೊಡ್ಡದಲ್ಲದಿರಬಹುದು. ಕೈಮರ ದಾಟಿ ಮುಳ್ಳಯ್ಯನಗಿರಿ ಹತ್ತುವವರಿಗೆ ಇದೇ ದೊಡ್ಡದು.

ಇನ್ನು ಟಾಪ್ ಹಾಕಿದಾಗ ಕ್ಲಿಪ್ ಕನ್ನಡಿಯಲ್ಲಿ ಹೆಚ್ಚಿಗೆ ಕಾಣುವುದು ಟಾಪಿನ ಒಳಬಟ್ಟೆ. ಸುಮ್ನೆ ಅಗಲ.

ಮೂರನೆಯದು ಮಾರುತಿ 800ರ ಕನ್ನಡಿ. ಗುಜರಿಯಲ್ಲಿ 150 ರೂಪಾಯಿಗೆ ಸಿಕ್ಕಿತು. ಕಡ್ಡಿಗೆ ಕೂರಿಸಲು ಲೇತ್ ಅಂಗಡಿಯಲ್ಲಿ ಒಂದು ಅಲ್ಯೂಮಿನಿಯಂ ಕ್ಲಾಂಪ್ ಮಾಡಿಸಿದೆ, ಅದಕ್ಕೆ 300. ಗಾಜು ಚಪ್ಪಟೆ, ಆದ್ದರಿಂದ ದೂರದ ಲೆಕ್ಕ ತಪ್ಪುವುದಿಲ್ಲ. ಸುಣ್ಣದ ಗೆರೆ ಹದಿನಾರು ಅಡಿ ಕಂಡಿತು. ಕೆಳಗಿನ ಪುಟ್ಟ ಲಿವರ್ ಎಳೆದರೆ ರಾತ್ರಿ ಹಿಂದಿನವರ ಹೈ ಬೀಮ್ ಕಣ್ಣಿಗೆ ಹೊಡೆಯುವುದಿಲ್ಲ. ಇದರ ಗಾಜು ಮೇಲೆ ದಪ್ಪ, ಕೆಳಗೆ ತೆಳು, ಅಥವಾ ಅದರ ಉಲ್ಟಾ, ಬೆಣೆಯ ಹಾಗೆ. ಲಿವರ್ ಎಳೆದಾಗ ಬೆಳ್ಳಿ ಲೇಪದ ಬಿಂಬ ಟಾಪಿನ ಕಡೆ ಹೋಗುತ್ತದೆ. ಗಾಜಿನ ಮುಂಭಾಗದಿಂದ ಬರುವ ಶೇಕಡಾ 4ರಷ್ಟು ಬೆಳಕು ಮಾತ್ರ ನಮಗೆ ಸಿಗುತ್ತದೆ. ಅಷ್ಟರಲ್ಲೇ ಲಾರಿ ಲಾರಿಯಾಗಿಯೇ ಕಾಣುತ್ತದೆ. ಕನ್ನಡಿಯನ್ನು ಕಡ್ಡಿಯ ತುದಿವರೆಗೆ ಮೇಲೇರಿಸಿದೆ. ಎಡ ತಿರುವು ಈಗ ಕನ್ನಡಿಯ ಕೆಳಗೆ ಕಾಣುತ್ತದೆ, ಪಿಕಪ್ಪಿನ ತಲೆ ಮಾತ್ರ ಮುಚ್ಚುತ್ತದೆ. ಒಂದೇ ಕೊರತೆ, ಕರಿ ಪ್ಲಾಸ್ಟಿಕ್ ಚೌಕಟ್ಟು ಆ ಕ್ರೋಮಿನ ನಡುವೆ ಮದುವೆ ಮನೆಗೆ ಗಮ್‌ಬೂಟ್ ಹಾಕಿಕೊಂಡು ಬಂದ ಹಾಗಿದೆ. ಹಳೇ ಗಾಡಿ ಇಟ್ಟುಕೊಂಡ ಗೆಳೆಯರು ನೋಡಿ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಬದಿಯ ಕನ್ನಡಿಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮುಂದಿನ ಮಡ್‌ಗಾರ್ಡಿನ ಮೇಲೆ ಕೂರಿಸುವ ಹಳೇ ಕಾಲದ ಶೈಲಿಯನ್ನು ಗೆಳೆಯನ ಗಾಡಿಯಲ್ಲಿ ನೋಡಿದೆ. ಚೆಂದ ಬಹಳ. ಆದರೆ ಅಷ್ಟು ದೂರಕ್ಕೆ ಬಿಂಬ ಕಾಫಿ ಬೀಜದಷ್ಟಾಗುತ್ತದೆ, ಸರಿಮಾಡಲು ಒಬ್ಬರು ಒಳಗೆ ಕೂತು ಇನ್ನೊಬ್ಬರು ಹೊರಗೆ ನಿಲ್ಲಬೇಕು. ನಾನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಾಗಿಲಿಗೆ ಹಾಕುವ ಕ್ರೋಮ್ ಜೋಡಿ ತಂದೆ, 2,200. ಬಲಕ್ಕೆ ಚಪ್ಪಟೆ, ಎಡಕ್ಕೆ ಉಬ್ಬು. ಎಡದ್ದು ಕಣ್ಣಿನಿಂದ ದೂರ, ಅಲ್ಲಿ ಚಪ್ಪಟೆ ಗಾಜು ಹಾಕಿದರೆ ಒಂದು ಸೀಳು ಮಾತ್ರ ಕಾಣುತ್ತದೆ. ಬಾಗಿಲಿಗೆ ತೂತು ಕೊರೆಯುವಾಗ ಎದೆ ಡವಗುಟ್ಟಿದ್ದು ನಿಜ. ಆದರೆ ಓವರ್‌ಟೇಕ್ ಮಾಡಲು ಬರುವ ಬೈಕುಗಳು ಈಗ ತಪ್ಪಿಸಿಕೊಳ್ಳುವುದಿಲ್ಲ.

ಐದನೆಯದು ಕ್ಯಾಮೆರಾ ಇರುವ ಕನ್ನಡಿ. ತಂದದ್ದು ತಂಗಿಯ ಮಗ. 6,500 ರೂಪಾಯಿ. ಹಿಂದೆ ನಂಬರ್ ಪ್ಲೇಟ್ ಹತ್ತಿರ ಕ್ಯಾಮೆರಾ, ಮುಂದೆ ಕನ್ನಡಿಯ ಆಕಾರದ ಪರದೆ. ಇದರ ದೊಡ್ಡ ಪೇಚು ಕರೆಂಟು. 1967ರವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ತ್. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ, ಅವುಗಳ ಪ್ಲಸ್ ತುದಿ ಗಾಡಿಯ ಲೋಹದ ಮೈಗೆ. ಈಗಿನ ಸಾಮಾನೆಲ್ಲ ಮೈನಸ್ ತುದಿ ಗಾಡಿಯ ಮೈಗೆ ಅಂತ ನಂಬಿ ಮಾಡಿದ್ದು. ಕ್ಯಾಮೆರಾದ ಲೋಹದ ಕವಚ ಗಾಡಿಯ ಮೈಗೆ ತಾಗಿದರೆ ಶಾರ್ಟ್. ನಮ್ಮ ಎಲೆಕ್ಟ್ರಿಷಿಯನ್ ವೈರು ನೋಡಿ, "ಸಾರ್, ಇದ್ರಲ್ಲಿ ಎಲ್ಲ ಉಲ್ಟಾ ಇದೆ, ನಾನು ಕೈ ಹಾಕಲ್ಲ" ಅಂದ. ಬುದ್ಧಿವಂತ. ಕೊನೆಗೆ ಗಾಡಿಯ ಮೈಗೆ ತಾಗದಂತೆ ಬೇರೆ ಪುಟ್ಟ ಬ್ಯಾಟರಿಯಿಂದ ಓಡಿಸಿ ನೋಡಿದೆ.

ಟಾಪ್ ಹಾಕಿದಾಗ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ಬಟ್ಟೆ, ಕಿಟಕಿ, ಸಾಮಾನು ಯಾವುದೂ ಅಡ್ಡ ಬರುವುದಿಲ್ಲ. ಟಾಪ್ ಬಿಚ್ಚಿದ ತಕ್ಷಣ ಬಿಸಿಲಿಗೆ ಪರದೆ ಬಿಳಚಿಕೊಳ್ಳುತ್ತದೆ. ಜೋರು ಮಳೆಯಲ್ಲಿ ಚಕ್ರ ಎರಚಿದ ಕೆಸರು ಹತ್ತೇ ನಿಮಿಷಕ್ಕೆ ಲೆನ್ಸ್ ಮುಚ್ಚಿತು. ಇನ್ನೊಂದು ವಿಷಯ ನಾನು ಎಣಿಸಿಯೇ ಇರಲಿಲ್ಲ. ಗಾಜಿನ ಕನ್ನಡಿಯಲ್ಲಿ ನೋಡುವಾಗ ಕಣ್ಣು ದೂರಕ್ಕೇ ಇರುತ್ತದೆ, ಹಿಂದಿನ ಕಾರು ನೂರಡಿ ದೂರವಿದ್ದರೆ ನೂರಡಿಗೆ. ಪರದೆಯಾದರೆ ಎರಡಡಿಗೆ ಹೊಂದಿಸಿಕೊಳ್ಳಬೇಕು. ನನಗೆ ಐವತ್ತನಾಲ್ಕು. ಪ್ರತಿ ಸಲ ರಸ್ತೆಯಿಂದ ಪರದೆಗೆ ಕಣ್ಣು ತಂದಾಗ ಒಂದು ಕ್ಷಣ ಎಲ್ಲ ಮಂಜು. ತಂಗಿಯ ಮಗನಿಗೆ ಇದು ಗೊತ್ತಾಗಲೇ ಇಲ್ಲ, ಅವನಿಗೆ ಇಪ್ಪತ್ತೆರಡು. ಕ್ಯಾಮೆರಾ ಈಗ ಪಿಕಪ್ಪಿನಲ್ಲಿದೆ. ಸಿಲ್ವರ್ ಓಕ್ ಮರಗಳ ನಡುವೆ ರಿವರ್ಸ್ ತೆಗೆಯುವಾಗ ಡ್ರೈವರ್ ಅದನ್ನು ಹೊಗಳುತ್ತಾನೆ.

ಈಗ ಎಂಜಿಬಿಯಲ್ಲಿ ಉಳಿದಿರುವುದು ಮಾರುತಿ ಕನ್ನಡಿ, ಬಾಗಿಲಿನ ಜೋಡಿ, ಸೈಕಲ್ ಟ್ಯೂಬು, ಹೊಸ ಪ್ಲಾಸ್ಟಿಕ್ ಕಿಟಕಿ. ಹೆಂಡತಿ ಓಡಿಸಿದಾಗ ಮಾತ್ರ ತೀರ್ಪು ಬದಲಾಗುತ್ತದೆ. ಅವಳು ಐದು ಅಡಿ ಎರಡು ಇಂಚು. ಕನ್ನಡಿ ಅವಳ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ಎಡ ತಿರುವು ಮುಚ್ಚುವುದೇ ಇಲ್ಲ. ಕ್ಲಿಪ್ ಕನ್ನಡಿಯೇ ಚೆನ್ನಾಗಿತ್ತು ಅನ್ನುವುದು ಅವಳ ವಾದ. ನನ್ನ ಎತ್ತರಕ್ಕೆ ಇಟ್ಟ ಮಾರುತಿ ಕನ್ನಡಿಯಲ್ಲಿ ಅವಳಿಗೆ ರಸ್ತೆಗಿಂತ ಆಕಾಶ ಜಾಸ್ತಿ ಕಾಣುತ್ತಿತ್ತಂತೆ. ಹಾಗಾಗಿ ಕಡ್ಡಿಯ ಮೇಲೆ ಅವಳದೇ ನೈಲ್ ಪಾಲಿಶ್‌ನಿಂದ ಎರಡು ಕೆಂಪು ಗೆರೆ ಎಳೆದಿದ್ದೇವೆ. ಮೇಲಿನದು ನನ್ನದು, ಕೆಳಗಿನದು ಅವಳದು.