ಪರ್ಮಲಾಯ್‌ನ ಒಂಟಿ ಪದರವೋ, ಬಹುಪದರವೋ?

ವಿದ್ಯುತ್ ರೋಧ ಎಷ್ಟು ಬದಲಾಯಿತೆಂದು ನೋಡಿ ಕಾಂತಕ್ಷೇತ್ರ ಅಳೆಯುವ ಸೆನ್ಸರಿಗೆ ಯಾವ ತೆಳು ಲೋಹದ ಫಿಲ್ಮ್? ಪರ್ಮಲಾಯ್ ಅಂದರೆ ಸುಮಾರು 80 ಪಾಲು ನಿಕಲ್, 20 ಪಾಲು ಕಬ್ಬಿಣ. ಇದರ ಒಂಟಿ ಪದರದಲ್ಲಿ ರೋಧ ಬದಲಾಗುವುದು ಶೇ 2-3 ಅಷ್ಟೇ. ಆದರೆ ತೀರಾ ಚಿಕ್ಕ ಕ್ಷೇತ್ರಕ್ಕೂ ಮಿಡಿಯುತ್ತದೆ, ತಯಾರಿಯೂ ಸಲೀಸು.

ಕಬ್ಬಿಣ-ಕ್ರೋಮಿಯಂ ಬಹುಪದರದ ಆಟವೇ ಬೇರೆ. 1988ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಆಲ್ಬರ್ಟ್ ಫರ್ಟ್ ತಂಡ 4.2 ಕೆಲ್ವಿನ್‌ನ ಕಡುಚಳಿಯಲ್ಲಿ ರೋಧ ಹೆಚ್ಚುಕಡಿಮೆ ಅರ್ಧಕ್ಕಿಳಿದದ್ದನ್ನು ಕಂಡಿತು. ಬೇಕಾದ ಕ್ಷೇತ್ರ ಮಾತ್ರ ಸುಮಾರು 2 ಟೆಸ್ಲಾದಷ್ಟು ಭಾರಿ! ಪಕ್ಕಪಕ್ಕದ ಪದರಗಳ ಕಾಂತತ್ವ ಎದುರುಬದುರಾಗಿದ್ದಾಗ ಎರಡೂ ಬಗೆಯ ಸ್ಪಿನ್‌ನ (ಎಲೆಕ್ಟ್ರಾನಿನ ಪುಟ್ಟ ಕಾಂತಗುಣ, ಮೇಲ್ಮುಖ ಇಲ್ಲವೇ ಕೆಳಮುಖ) ಎಲೆಕ್ಟ್ರಾನುಗಳು ಎಲ್ಲೋ ಒಂದು ಪದರದಲ್ಲಿ ಹೆಚ್ಚು ಚದುರುತ್ತವೆ. ಒಂದೇ ದಿಕ್ಕಿಗೆ ತಿರುಗಿದರೆ ಒಂದು ಬಗೆಗೆ ದಾರಿ ಸುಗಮ.

ನನ್ನ ಒಲವು ಇದೇ ತತ್ವದ ಬಹುಪದರವಾದ ಸ್ಪಿನ್ ವಾಲ್ವ್ ಕಡೆಗೆ: ಒಂದು ಪದರದ ಕಾಂತತ್ವದ ದಿಕ್ಕನ್ನು ಆಂಟಿಫೆರೋಮ್ಯಾಗ್ನೆಟ್ (ಒಳಗಿನ ಪರಮಾಣುಗಳ ಕಾಂತತ್ವ ಎದುರುಬದುರಾಗಿ ಒಂದನ್ನೊಂದು ಅಳಿಸುವ ವಸ್ತು) ಕಟ್ಟಿಹಾಕಿರುತ್ತದೆ, ಇನ್ನೊಂದು ಸ್ವತಂತ್ರ, ನಡುವೆ 2-3 ನ್ಯಾನೋಮೀಟರ್ ತಾಮ್ರ. ಬಿಸಿಗೆ ಪದರಗಳು ಬೆರೆತರೆ ಕೆಟ್ಟಿತು. ಬರೀ ದಿಕ್ಸೂಚಿಗಾದರೆ ಪರ್ಮಲಾಯ್ ಧಾರಾಳವಾಯಿತು.